ಚರಿತ್ರೆಯಲ್ಲಿ ಯುಗಸಂಧಿ: ವಿಜಯನಗರದ ಮೂರು ಕಥನಗಳು

ಚರಿತ್ರೆಯನ್ನು ಓದಿದವರ ನೆನಪಿನಲ್ಲಿ ಕಡೆಗೆ ಉಳಿಯತಕ್ಕವು ಕೆಲವು ಇಸವಿಗಳು. ಯೂರೋಪಿನ ಮಧ್ಯಯುಗವೆಂದೊಡನೆ ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿಯು ಪದಚ್ಯುತನಾದ ೪೭೬, ನಾರ್ಮಂಡಿಯ ವಿಲಿಯಮ್ಮನು ಇಂಗ್ಲೆಂಡನ್ನು ಗೆದ್ದ ೧೦೬೬, ಕಾನ್‌ಸ್ಟಾಂಟಿನೋಪಲ್ ನಗರವು ತುರುಕರ ವಶವಾದ ೧೪೫೩ ಇವು ದಾರಿಯ ಮೈಲಿಗಲ್ಲುಗಳಂತೆ ಕಣ್ಣಿಗೆ ಕಟ್ಟುವುವು. ಕನ್ನಡಿಗನ ಮನಸ್ಸಿನಲ್ಲಿ ಇದೇ ಬಗೆಯಾಗಿ ನೆಲೆಸಿರುವ ಇಸವಿಗಳು ಎರಡು: ವಿಜಯನಗರವು ಹುಟ್ಟಿತೆನ್ನುವ ೧೩೩೬ ಮತ್ತು ಅದು ಹಾಳಾಯಿತೆನ್ನುವ ೧೫೬೫. ಒಂದು ಉದಯ, ಇನ್ನೊಂದು ಅಸ್ತಮಾನ. ಇವೆರಡರ ನಡುವೆ ವೈಭವ, ಆಮೇಲೆ ಕತ್ತಲೆ. ಕಥೆ ಇಷ್ಟು ಅಚ್ಚುಕಟ್ಟಾಗಿರುವುದೇ ಅದನ್ನು ಶಂಕಿಸುವುದಕ್ಕೆ ಮೊದಲನೆಯ ಕಾರಣ.

ಇಸವಿಯನ್ನು ಹೇಳುವುದು ಸುಲಭ. ಆ ಇಸವಿಯಲ್ಲಿ ತಿರುಗಿದುದು ಏನು, ಯಾರ ಪಾಲಿಗೆ ತಿರುಗಿತು, ತಿರುಗುವುದಕ್ಕೆ ಎಷ್ಟು ಕಾಲ ಹಿಡಿಯಿತು ಎಂಬುದನ್ನು ಹೇಳುವುದು ಕಷ್ಟ. ಯುಗಸಂಧಿಯನ್ನು ವಸ್ತುವನ್ನಾಗಿ ಮಾಡಿಕೊಂಡ ಗ್ರಂಥವು, ಅದು ಚರಿತ್ರೆಯಾಗಲಿ ನಾಟಕವಾಗಲಿ, ಈ ಕಷ್ಟವನ್ನು ಎಷ್ಟರಮಟ್ಟಿಗೆ ವಹಿಸಿಕೊಂಡಿತೆಂಬುದರ ಮೇಲೆ ಅದರ ಬೆಲೆ ನಿಂತಿರುವುದು. ವಿಜಯನಗರದ ವಿಷಯವಾಗಿ ಕನ್ನಡಿಗರ ಭಾವನೆಯನ್ನು ತಿದ್ದಿ ರೂಪಿಸಿದ ಮೂರು ಕೃತಿಗಳುಂಟು: ರಾಬರ್ಟ್ ಸೂಯೆಲ್ಲರ ‘ಎ ಫರ್ಗಾಟನ್ ಎಂಪೈರ್’ (೧೯೦೦), ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ (೧೯೧೭), ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ (೨೦೧೮). ಮೊದಲನೆಯದು ಆಂಗ್ಲ ಅಧಿಕಾರಿಯೊಬ್ಬರ ಸಂಶೋಧನೆ. ಎರಡನೆಯದು ದೇಶಾಭಿಮಾನಿಯ ಕರೆ. ಮೂರನೆಯದು ನಾಟಕಕಾರನ ಕಡೆಯ ಕೃತಿ. ಮೂರನ್ನೂ ಒಂದೇ ಪ್ರಶ್ನೆಯ ಎದುರಿಗೆ ಇಟ್ಟು ನೋಡುವುದು ಇಲ್ಲಿಯ ಉದ್ದೇಶ.

ಮೊದಲು ಈ ಪ್ರಶ್ನೆಯು ಯೂರೋಪಿನಲ್ಲಿ ಪಡೆದ ಉತ್ತರವನ್ನು ನೋಡಬೇಕು. ಏಕೆಂದರೆ ಕನ್ನಡದ ಚರಿತ್ರಗ್ರಂಥಗಳು ಬಳಸುವ ಅಳತೆಗೋಲು ಅಲ್ಲಿಂದ ಬಂದದ್ದು. ಪ್ರಾಚೀನ, ಮಧ್ಯ, ನವೀನವೆಂದು ಕಾಲವನ್ನು ಮೂರು ಪಾಲು ಮಾಡುವ ಪದ್ಧತಿಯನ್ನು ಪಾಠಪುಸ್ತಕಗಳಲ್ಲಿ ರೂಢಿಗೆ ತಂದವನು ಹದಿನೇಳನೆಯ ಶತಮಾನದ ಜರ್ಮನ್ ಪಂಡಿತ ಸೆಲ್ಲೇರಿಯಸ್. ಅವನ ಮಧ್ಯಯುಗವು ಕಾನ್‌ಸ್ಟಾಂಟಿನೋಪಲ್ಲಿನ ಪತನದೊಡನೆ ಮುಗಿಯುತ್ತದೆ. ಎಡ್ವರ್ಡ್ ಗಿಬ್ಬನ್ನನ ರೋಮ್ ಸಾಮ್ರಾಜ್ಯದ ಮಹಾಚರಿತ್ರೆಯು ೧೭೭೬ರಿಂದ ೧೭೮೮ರವರೆಗೆ ಪ್ರಕಟವಾಗಿ, ಮಹಾಸಾಮ್ರಾಜ್ಯದ ಕಥೆಯೆಂದರೆ ಕ್ಷಯ ಮತ್ತು ಪತನದ ಕಥೆಯೆಂಬ ಭಾವನೆಯನ್ನು ಓದುವ ಲೋಕದಲ್ಲೆಲ್ಲ ಬೇರೂರಿಸಿತು.

ಆದರೆ ಆ ಯೂರೋಪಿನ ವಿದ್ವಾಂಸರೇ ಈ ಮೈಲಿಗಲ್ಲುಗಳನ್ನು ಒಂದೊಂದಾಗಿ ಅಲುಗಾಡಿಸಿದರು. ೪೭೬ರಲ್ಲಿ ಓಡೊವೇಕರನು ಬಾಲಕ ಚಕ್ರವರ್ತಿಯನ್ನು ಇಳಿಸಿದ ಮೇಲೆಯೂ ಪೂರ್ವದಲ್ಲಿ ರೋಮನ್ ಸಿಂಹಾಸನವು ಸಾವಿರ ವರ್ಷದ ಹತ್ತಿರ ಹತ್ತಿರ ಬಾಳಿತು. ಬೆಲ್ಜಿಯಮ್ ದೇಶದ ಹೆನ್ರಿ ಪಿರೆನ್ನನ ಗ್ರಂಥ, ೧೯೩೭ರಲ್ಲಿ ಅವನ ಮರಣಾನಂತರ ಪ್ರಕಟವಾದುದು, ಅರಸು ಹೋದರೂ ಮೆಡಿಟರೇನಿಯನ್ ಸಮುದ್ರದ ವ್ಯಾಪಾರವೂ ಜೀವನಕ್ರಮವೂ ಮುಂದುವರಿದು ನಿಜವಾದ ಒಡಕು ಏಳನೆಯ ಶತಮಾನದಿಂದ ಈಚೆಗೆ ಬಂದಿತೆಂದು ವಾದಿಸಿತು. ಆ ವಾದವನ್ನೂ ಮುಂದಿನವರು ತಿದ್ದಿದರು. ಆದರೆ ಪ್ರಶ್ನೆಯ ಸ್ವರೂಪವೇ ಬದಲಾಗಿತ್ತು. ೧೪೫೩ರಲ್ಲಿ ಗ್ರೀಕ್ ಪಂಡಿತರು ಗ್ರಂಥಗಳನ್ನು ಕಂಕುಳಲ್ಲಿ ಇರಿಸಿಕೊಂಡು ಇಟಲಿಗೆ ಓಡಿಬಂದುದರಿಂದ ಅಲ್ಲಿ ವಿದ್ಯೆಯ ಪುನರುದಯವಾಯಿತೆಂಬ ಕಥೆ ಬಹುಕಾಲ ನಡೆಯಿತು. ಆದರೆ ಮ್ಯಾನುಯೆಲ್ ಕ್ರಿಸೊಲೋರಸನು ಫ್ಲಾರೆನ್ಸಿನಲ್ಲಿ ಗ್ರೀಕ್ ಪಾಠವನ್ನು ಹೇಳಲಾರಂಭಿಸಿದುದು ೧೩೯೭ರಲ್ಲಿ. ೧೦೬೬ರ ಯುದ್ಧವಾದರೋ ಒಂದೇ ಹಗಲಿನದು. ಅದರ ಅರ್ಥ ತಿಳಿಯಬೇಕಾದರೆ ಇಪ್ಪತ್ತು ವರ್ಷಗಳ ಬಳಿಕ, ೧೦೮೬ರಲ್ಲಿ, ವಿಲಿಯಮ್ಮನು ಬರೆಯಿಸಿದ ಭೂಮಿಯ ಕಡತವನ್ನು ತೆರೆದು ಯಾರ ಹೊಲ ಯಾರ ಕೈಗೆ ಹೋಯಿತೆಂದು ನೋಡಬೇಕು. ಒಟ್ಟಿನಲ್ಲಿ ಅಲ್ಲಿಯ ವಿದ್ವತ್ತು ಇಸವಿಯಿಂದ ಕಡತಕ್ಕೆ, ಅರಮನೆಯಿಂದ ಹೊಲಕ್ಕೆ ಇಳಿದು ಬಂದಿತು.

ಇಷ್ಟನ್ನು ಮನಸ್ಸಿನಲ್ಲಿರಿಸಿಕೊಂಡು ಸೂಯೆಲ್ಲರ ಗ್ರಂಥವನ್ನು ತೆರೆದರೆ ಮೊದಲನೆಯ ವಾಕ್ಯದಲ್ಲಿಯೇ ವಿಷಯವು ವಿಶದವಾಗುವುದು. ೧೩೩೬ ಎಂಬುದನ್ನು ಅವರು ಇಂಗ್ಲೆಂಡಿನ ಮೂರನೆಯ ಎಡ್ವರ್ಡನ ಆಳಿಕೆಯಿಂದ ಗುರುತಿಸುತ್ತಾರೆ; ಆ ವರ್ಷದ ಘಟನೆಯೊಂದು ದಕ್ಷಿಣದ ರಾಜಕೀಯ ಸ್ಥಿತಿಯನ್ನೆಲ್ಲ ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ ಮಾರ್ಪಡಿಸಿತೆಂಬುದು ಅವರ ಅಭಿಪ್ರಾಯ. ಆಂಗ್ಲ ವಾಚಕರಿಗಾಗಿ ಬರೆದವರು ಆಂಗ್ಲ ದೊರೆಯ ಹೆಸರನ್ನು ಹೇಳಿದುದರಲ್ಲಿ ದೋಷವಿಲ್ಲ. ದೋಷವಿರುವುದು ಆ ‘ಕ್ಷಣ’ದಲ್ಲಿ. ಹೊಯ್ಸಳ ಮೂರನೆಯ ಬಲ್ಲಾಳನು ಮಧುರೆಯ ಸುಲ್ತಾನನೊಡನೆ ಕಾದುತ್ತ ಮಡಿದುದು ಸುಮಾರು ೧೩೪೩ರಲ್ಲಿ. ಅಲ್ಲಿಯವರೆಗೂ ಕನ್ನಡನಾಡಿನ ದಕ್ಷಿಣಭಾಗದಲ್ಲಿ ನಡೆಯುತ್ತಿದ್ದುದು ಅವನ ಆಜ್ಞೆ. ಹರಿಹರನೂ ಅವನ ಸಹೋದರರೂ ಶೃಂಗೇರಿಯಲ್ಲಿ ನೆರೆದು ವಿಜಯೋತ್ಸವದ ದಾನವನ್ನು ಮಾಡಿದುದು ೧೩೪೬ರಲ್ಲಿ. ಹೀಗೆ ಹುಟ್ಟೆಂಬುದು ಕ್ಷಣವಲ್ಲ, ಹತ್ತು ವರ್ಷಗಳ ಕೆಲಸ. ಒಂದು ಮನೆತನದ ಅಧಿಕಾರವನ್ನು ಇನ್ನೊಂದು ಮನೆತನವು ಮೆಲ್ಲಮೆಲ್ಲನೆ ಕೈಗೆ ತೆಗೆದುಕೊಂಡ ಕೆಲಸ.

ಸೂಯೆಲ್ಲರ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ೧೮೯೭ರಲ್ಲಿ ಡೇವಿಡ್ ಲೋಪೆಷರು ಪೋರ್ತುಗೀಸ್ ಭಾಷೆಯಲ್ಲಿ ಪ್ರಕಟಿಸಿದ ಪೇಯಸ್ ಮತ್ತು ನೂನಿಜರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು, ಕೃಷ್ಣದೇವರಾಯನ ನಗರವನ್ನು ಕಣ್ಣಾರೆ ಕಂಡವರ ಮಾತನ್ನು ಲೋಕಕ್ಕೆ ಒಪ್ಪಿಸಿದವರು ಅವರು. ಮದರಾಸಿನ ಸಿವಿಲ್ ಸರ್ವಿಸಿನ ಅಧಿಕಾರಿಯೊಬ್ಬರು ಹೊರಿಸಿಕೊಂಡ ಈ ಶ್ರಮವಿಲ್ಲದಿದ್ದರೆ ಹಂಪೆಯ ಕಲ್ಲುಗಳು ಇನ್ನೆಷ್ಟು ಕಾಲ ಮೂಕವಾಗಿರುತ್ತಿದ್ದುವೋ ಹೇಳಬರುವಂತಿಲ್ಲ. ಅಷ್ಟೇ ಅಲ್ಲ, ನಗರದ ವಿನಾಶವನ್ನು ಹೇಳಿದ ಮೇಲೆ ಅವರು ಗ್ರಂಥವನ್ನು ನಿಲ್ಲಿಸಿಬಿಡಲಿಲ್ಲ. ಅರವೀಡು ವಂಶದ ವಿಷಯವಾಗಿ ಒಂದು ಅಧ್ಯಾಯವೂ, ೧೬೧೪ರ ಅಂತಃಕಲಹವನ್ನು ವರ್ಣಿಸುವ ಬರ್ರಾಡಸನ ವೃತ್ತಾಂತವೂ ಅಲ್ಲಿ ಉಂಟು. ಹಾಗಿದ್ದರೂ ಓದಿದವರ ಮನಸ್ಸಿನಲ್ಲಿ ಉಳಿಯುವುದು ಆ ಅಧ್ಯಾಯಗಳಲ್ಲ, ಉರಿಯುವ ನಗರ. ಕಾರಣವೇನು? ಕಥೆಯ ಚೌಕಟ್ಟು. ಜೇಮ್ಸ್ ಮಿಲ್ಲನು ೧೮೧೭ರ ತನ್ನ ಗ್ರಂಥದಲ್ಲಿ ಭಾರತದ ಚರಿತ್ರೆಯನ್ನು ಹಿಂದೂ, ಮುಸಲ್ಮಾನ, ಬ್ರಿಟಿಷ್ ಎಂದು ಭಾಗಿಸಿದ ಬಳಿಕ ವಿಜಯನಗರಕ್ಕೆ ಉಳಿದ ಪಾತ್ರ ಒಂದೇ: ಪ್ರವಾಹವನ್ನು ತಡೆದು ನಿಂತ ಕಟ್ಟೆ. ಕಟ್ಟೆಗೆ ಎರಡೇ ಗತಿ. ಒಂದೋ ನಿಲ್ಲಬೇಕು, ಇಲ್ಲವೇ ಒಡೆಯಬೇಕು. ಅದು ಬೇರೆ ಊರಿಗೆ ಹೋಗಿ ಬಾಳಲಾರದು.

ವಾಸ್ತವವಾಗಿ ನಡೆದುದು ಅದೇ. ೧೫೬೫ರ ಜನವರಿಯಲ್ಲಿ ರಾಮರಾಯನು ರಣದಲ್ಲಿ ಬಿದ್ದನು. ಅವನ ತಮ್ಮ ತಿರುಮಲನು ನಾಮಮಾತ್ರದ ಅರಸನಾದ ಸದಾಶಿವರಾಯನನ್ನೂ ಭಂಡಾರವನ್ನೂ ಸಾಗಿಸಿಕೊಂಡು ಪೆನುಗೊಂಡೆಯನ್ನು ಸೇರಿದನು. ಕೆಲವು ವರ್ಷಗಳಲ್ಲಿ ತಾನೇ ಪಟ್ಟವನ್ನೇರಿದನು. ರಾಜಧಾನಿಯು ಮುಂದೆ ಚಂದ್ರಗಿರಿಗೂ ವೆಲ್ಲೂರಿಗೂ ಸರಿಯಿತು. ೧೬೩೯ರಲ್ಲಿ ಇಂಗ್ಲಿಷ್ ಕಂಪೆನಿಗೆ ಮದರಾಸಿನ ನೆಲ ದೊರೆತುದು ಈ ಸಿಂಹಾಸನಕ್ಕೆ ಅಧೀನನಾದ ನಾಯಕನಿಂದ. ಅದನ್ನು ೧೬೪೫ರಲ್ಲಿ ಸ್ಥಿರಪಡಿಸಿದವನು ವಿಜಯನಗರದ ರಾಯನೆಂದೇ ಕರೆಯಿಸಿಕೊಳ್ಳುತ್ತಿದ್ದ ಶ್ರೀರಂಗನು. ೧೫೬೫ರಲ್ಲಿ ಮುಗಿದುಹೋಯಿತೆನ್ನುವ ರಾಜ್ಯವು ಎಂಬತ್ತು ವರ್ಷಗಳ ಬಳಿಕ ನೆಲವನ್ನು ಸ್ಥಿರಪಡಿಸಿಕೊಡುವುದೆಂದರೆ, ಮುಗಿದುಹೋಯಿತೆಂಬ ಮಾತಿಗೆ ಅರ್ಥವೇನು? ಸಂತ ಕ್ಸೇವಿಯರ್ ವಿದ್ಯಾಲಯದ ಹೆನ್ರಿ ಹೆರಾಸರು ೧೯೨೭ರಲ್ಲಿ ಅರವೀಡು ವಂಶವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದು ಈ ಕೊರತೆಯನ್ನು ತುಂಬಲು ತೊಡಗಿದರು. ಆದರೆ ಜನರ ನೆನಪಿನೊಳಕ್ಕೆ ಇಳಿದುದು ಆ ಗ್ರಂಥವಲ್ಲ.

ಇದು ಪೆನುಗೊಂಡೆ, ವೆಲ್ಲೂರುಗಳಿಗೆ ಮಾತ್ರ ಸಂಬಂಧಪಟ್ಟ ವಿಚಾರವಲ್ಲ. ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ವಾಸಮಾಡುವವರ ಮನೆಬಾಗಿಲಿನ ವಿಚಾರ. ಅಲ್ಲಿ ಒಂದು ಬಡಾವಣೆಗೆ ವಿಜಯನಗರವೆಂದೂ ಅದರ ಪಕ್ಕದ್ದಕ್ಕೆ ಹಂಪಿನಗರವೆಂದೂ ಹೆಸರಿದೆ. ಹಾಳಾದ ರಾಜಧಾನಿಯ ಸ್ಮರಣೆಗೆ ಈ ಹೆಸರುಗಳು ಒಪ್ಪುವುವು. ಆದರೆ ಉಳಿದು ಬಾಳಿದುದರ ಸಾಕ್ಷಿಯು ಅಲ್ಲಿಯ ಬಡಾವಣೆಗಳ ಹೆಸರಿನಲ್ಲಿಲ್ಲ, ರಸ್ತೆಗಳ ಹೆಸರಿನಲ್ಲಿದೆ. ವಿಜಯನಗರಕ್ಕೂ ರಾಜಾಜಿನಗರ ಬಸವೇಶ್ವರನಗರಗಳಿಗೂ ನಡುವೆ ಹಾದುಹೋಗುವುದು ಮಾಗಡಿಯ ರಸ್ತೆ; ಕೆಂಗೇರಿಯ ಮೇಲೆ ಹಾದುಹೋಗುವುದು ಮೈಸೂರಿನ ರಸ್ತೆ. ಈ ಎರಡು ದಾರಿಗಳೂ ರಾಯರ ರಾಜ್ಯದ ಎರಡು ವಾರಸಿಕೆಗಳ ಕಡೆಗೆ ಹೋಗುವುವು.

ಬೆಂಗಳೂರಿನ ಕೋಟೆಯನ್ನು ೧೫೩೭ರಲ್ಲಿ ಕಟ್ಟಿಸಿದನೆಂದು ಪ್ರಸಿದ್ಧನಾದ ಕೆಂಪೇಗೌಡನು ವಿಜಯನಗರದ ಸಾಮಂತ. ರಾಯರ ರಾಜಧಾನಿಯು ಬಿದ್ದ ಮೇಲೆ ಅವನ ಮನೆತನವು ಬೀಳಲಿಲ್ಲ. ೧೬೩೮ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿದಾಗ ಆ ವಂಶದವರು ಮಾಗಡಿಗೆ ಹಿಮ್ಮೆಟ್ಟಿ, ಅಲ್ಲಿಯೂ ಸಾವನದುರ್ಗದಲ್ಲಿಯೂ ೧೭೨೮ರವರೆಗೆ, ಎಂದರೆ ಮೈಸೂರಿನ ದಂಡು ಬಂದು ಹಿಡಿಯುವವರೆಗೆ, ಆಳಿದರು. ೧೫೬೫ರಿಂದ ಲೆಕ್ಕ ಹಾಕಿದರೆ ನೂರ ಅರವತ್ತಮೂರು ವರ್ಷ. ಇತ್ತ ಶ್ರೀರಂಗಪಟ್ಟಣದಲ್ಲಿ ವಿಜಯನಗರದ ರಾಜಪ್ರತಿನಿಧಿಯಿದ್ದನು. ೧೬೧೦ರಲ್ಲಿ ರಾಜ ಒಡೆಯರು ಆ ಪಟ್ಟಣವನ್ನು ಪಡೆದು, ಹಂಪೆಯ ಮಹಾನವಮಿಯ ಮಾದರಿಯಲ್ಲಿ ಅದೇ ವರ್ಷ ದಸರೆಯನ್ನು ಆರಂಭಿಸಿದರು. ಆ ಉತ್ಸವವು ಸ್ಥಳವನ್ನು ಬದಲಾಯಿಸಿಕೊಂಡು ಇಂದಿಗೂ ನಡೆಯುತ್ತಿದೆ.

ಸಾಹಿತ್ಯದ ಸಾಕ್ಷಿಯೂ ಇದಕ್ಕೆ ಅನುಗುಣವಾಗಿದೆ. ಪುರಂದರದಾಸರು ೧೫೬೪ರಲ್ಲಿ ಕಾಲವಾದರೆಂಬುದು ಪ್ರತೀತಿ. ಮರುವರ್ಷವೇ ರಾಜಧಾನಿಯ ಪತನ. ಕಥೆಗಾರನಿಗೆ ಇದಕ್ಕಿಂತ ಅನುಕೂಲವಾದ ಜೊತೆ ಬೇಕೆ? ಆದರೆ ದಾಸಸಾಹಿತ್ಯವು ವಿಜಯದಾಸರಲ್ಲಿಯೂ ಜಗನ್ನಾಥದಾಸರಲ್ಲಿಯೂ ಮತ್ತೆ ತುಂಬಿ ಹರಿಯಿತು. ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ವು ೧೬೦೪ರದು. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಸಿಂಗರಾರ್ಯನ ನಾಟಕವೂ ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ವೂ ಹುಟ್ಟಿದುವು. ೧೫೬೫ರ ಮೇಲೆ ಕತ್ತಲೆಯೆನ್ನುವವರು ಇವನ್ನೆಲ್ಲ ಯಾವ ಬೆಳಕಿನಲ್ಲಿ ಓದುವರೋ!

ಹಾಗಾದರೆ ೧೫೬೫ರಲ್ಲಿ ಏನೂ ಆಗಲಿಲ್ಲವೆನ್ನಬಹುದೆ? ಹಾಗೆನ್ನುವುದೂ ಸತ್ಯಕ್ಕೆ ದೂರ. ೧೫೬೭ರಲ್ಲಿ ಅಲ್ಲಿಗೆ ಬಂದ ವೆನಿಸ್ಸಿನ ವರ್ತಕ ಫೆಡರಿಚಿಯು ಮನೆಗಳು ನಿಂತಿದ್ದರೂ ಒಳಗೆ ಜನವಿಲ್ಲದೆ ಕಾಡುಮೃಗಗಳು ಸೇರಿಕೊಂಡಿದ್ದುವೆಂದು ಬರೆದಿದ್ದಾನೆ. ಮನೆಗಳು ನಿಂತಿದ್ದುವು ಎಂಬ ಮಾತನ್ನು ಗಮನಿಸಬೇಕು. ವಿಠ್ಠಲ ದೇವಾಲಯದ ಕಡೆ ಬೆಂಕಿಯ ಗುರುತುಗಳಿವೆ. ವಿರೂಪಾಕ್ಷನ ಗುಡಿಯಲ್ಲಿ ಪೂಜೆ ಇಂದಿಗೂ ನಡೆಯುತ್ತದೆ. ನಗರವು ಸತ್ತುದು ಕಲ್ಲುಗಳು ಮುರಿದುದರಿಂದ ಮಾತ್ರವಲ್ಲ. ಅರಮನೆಯೂ ಸೈನ್ಯವೂ ಭಂಡಾರವೂ ಹೊರಟುಹೋದ ಮೇಲೆ, ಅವನ್ನು ನಂಬಿದ್ದ ನೇಕಾರ, ಅಕ್ಕಸಾಲಿಗ, ಕುದುರೆಯ ವ್ಯಾಪಾರಿ, ಶಿಲ್ಪಿ ಇವರಿಗೆ ಅಲ್ಲಿ ಅನ್ನವಿಲ್ಲದೆ ಹೋಯಿತು. ಹಂಪೆಯವರೊಡನೆ ಕುದುರೆಯ ವ್ಯಾಪಾರದಿಂದ ಕೊಬ್ಬಿದ್ದ ಗೋವೆಗೂ ಈ ಪೆಟ್ಟು ತಗಲಿತು. ಕೇಂದ್ರಕ್ಕೆ ಕಪ್ಪವನ್ನು ಕಳುಹಿಸುತ್ತಿದ್ದ ಕೆಳದಿ, ಮೈಸೂರು, ಮಾಗಡಿಗಳು ಕ್ರಮೇಣ ಅದನ್ನು ತಮ್ಮಲ್ಲಿಯೇ ಇಟ್ಟುಕೊಂಡುವು. ಹೀಗೆ ರಾಜಧಾನಿಗೆ ೧೫೬೫ ಅಂತ್ಯ, ಅರಸುತನಕ್ಕೆ ಸ್ಥಾನಾಂತರ, ಪಾಳೆಯಗಾರನಿಗೆ ಪ್ರಾರಂಭ. ಒಂದೇ ಇಸವಿಗೆ ಮೂರು ಮುಖ. ಇವನ್ನು ಬೇರ್ಪಡಿಸಿ ತೋರಿಸದ ಗ್ರಂಥವು ಯುಗಸಂಧಿಯನ್ನು ಹೆಸರಿಸಿತಲ್ಲದೆ ವಿವರಿಸಲಿಲ್ಲ.

ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವನ್ನು ಇದೇ ತಕ್ಕಡಿಯಲ್ಲಿ ತೂಗುವಾಗ ಸ್ವಲ್ಪ ಎಚ್ಚರಿಕೆ ಬೇಕು. ಅದು ವಿದ್ವಾಂಸನ ಶಂಕೆಯಿಂದ ಹುಟ್ಟಿದ ಗ್ರಂಥವಲ್ಲ. ೧೯೦೫ರಲ್ಲಿ ಆನೆಗೊಂದಿ ಹಂಪೆಗಳನ್ನು ಕಂಡು ಕಲಕಿದ ಮನಸ್ಸಿನಿಂದ, ಮುಂಬಯಿ, ಮದರಾಸು, ಹೈದರಾಬಾದು, ಮೈಸೂರುಗಳಲ್ಲಿ ಹರಿದು ಹಂಚಿಹೋಗಿದ್ದ ಜನಕ್ಕೆ ಅವರ ಪೂರ್ವಿಕರ ಹಿರಿಮೆಯನ್ನು ತಿಳಿಸಬೇಕೆಂದು ಅದು ಹೊರಟಿತು. ಅಂಥ ಕರೆಗೆ ಪತನದ ಶೋಕವು ಅವಶ್ಯವಾಗಿದ್ದಿತು. ಕಳೆದುಕೊಂಡೆವೆಂಬ ಅರಿವಿಲ್ಲದವನು ಪಡೆಯಲು ಹೊರಡನು. ೧೯೩೬ರಲ್ಲಿ ಧಾರವಾಡದಲ್ಲಿ ವಿಜಯನಗರದ ಆರುನೂರನೆಯ ವರ್ಷದ ಸ್ಮಾರಕ ಸಂಪುಟ ಪ್ರಕಟವಾದುದು, ೧೯೫೬ರಲ್ಲಿ ಕನ್ನಡನಾಡು ಒಂದಾದುದು, ಇವು ಆ ಕರೆಗೆ ದೊರೆತ ಓಗೊಡುವಿಕೆ. ಆದುದರಿಂದ ವೆಂಕಟರಾಯರ ಗ್ರಂಥವು ತನ್ನ ಕೆಲಸವನ್ನು ಮಾಡಿ ಮುಗಿಸಿತೆಂದೇ ಹೇಳತಕ್ಕದ್ದು. ಆದರೆ ಕೆಲಸ ಮುಗಿದ ಮೇಲೆಯೂ ಶೋಕವು ಉಳಿದರೆ ಅದು ಅಭಿಮಾನವಾಗದೆ ಹಗೆಯಾಗುವ ಅಪಾಯವುಂಟು. ಪತನವನ್ನೇ ನೆನೆಯುವ ಜನಕ್ಕೆ ಬೀಳಿಸಿದವನೊಬ್ಬನು ಯಾವಾಗಲೂ ಬೇಕಾಗುತ್ತಾನೆ.

ಕಾರ್ನಾಡರ ನಾಟಕದ ಮಹತ್ವವಿರುವುದು ಇಲ್ಲಿಯೇ. ಕೃಷ್ಣೆಯ ದಡದ ರಕ್ಕಸಗಿ ತಂಗಡಗಿ ಎಂಬೆರಡು ಹಳ್ಳಿಗಳ ಹೆಸರಿನಿಂದ ಕೂಡಿದ ‘ರಾಕ್ಷಸ ತಂಗಡಿ’ಯು ಆ ಯುದ್ಧವನ್ನು ಎರಡು ಧರ್ಮಗಳ ಘರ್ಷಣೆಯೆಂದು ಒಪ್ಪುವುದಿಲ್ಲ. ಚರಿತ್ರೆಯೂ ಈ ವಿಷಯದಲ್ಲಿ ನಾಟಕಕಾರನ ಪಕ್ಷ. ರಾಮರಾಯನು ಬಹುಕಾಲ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿ ಕಟ್ಟಿ ಕಾರ್ಯಸಾಧನೆ ಮಾಡಿದವನು. ಅವನ ಸೈನ್ಯದಲ್ಲಿ ಮುಸಲ್ಮಾನ ಸರದಾರರಿದ್ದರು. ಬಿಜಾಪುರದ ಅಲೀ ಆದಿಲಶಹನು ವಿಜಯನಗರಕ್ಕೆ ಅತಿಥಿಯಾಗಿ ಬಂದಾಗ ರಾಮರಾಯನ ಪತ್ನಿಯು ಅವನನ್ನು ಮಗನೆಂದು ಕರೆದಳೆಂದು ಫಿರಿಶ್ತನೇ ಬರೆದಿದ್ದಾನೆ. ಮಗನೆನ್ನಿಸಿಕೊಂಡವನು ಶತ್ರುಗಳೊಡನೆ ಸೇರುವಂತಾದುದೇಕೆ? ನಾಟಕವು ಇದಕ್ಕೆ ಕೊಡುವ ಉತ್ತರವು ಮನುಷ್ಯರ ಒಳಗಿನದು: ಅಧಿಕಾರವೆಲ್ಲ ಕೈಯಲ್ಲಿದ್ದೂ ಸಿಂಹಾಸನವಿಲ್ಲದ ಅಳಿಯನ ಕುದಿ, ಕುಲದ ಹಿರಿಮೆಗಾಗಿ ಹಂಬಲ, ಎದುರಿನವರನ್ನು ಹೀನೈಸಿದ ಸೊಕ್ಕು. ಸೂಯೆಲ್ಲರಲ್ಲಿ ಕಟ್ಟೆಯಾಗಿದ್ದುದು ಇಲ್ಲಿ ಒಬ್ಬ ವೃದ್ಧನಾಗುತ್ತದೆ. ಓದುವವನಿಗೆ ಶೋಕಕ್ಕೂ ಹಗೆಗೂ ಬದಲಾಗಿ ತಿಳಿವಳಿಕೆಯು ದೊರೆಯುತ್ತದೆ. ಇದು ದೊಡ್ಡ ಲಾಭ.

ಆದರೂ ನಾಟಕವೆಂಬ ರೂಪಕ್ಕೆ ತನ್ನದೇ ಆದ ಮಿತಿಯುಂಟು. ರಂಗಕ್ಕೆ ಒಬ್ಬ ನಾಯಕ ಬೇಕು, ಅವನ ಪತನ ಬೇಕು. ಪೆನುಗೊಂಡೆಯಲ್ಲಿ ಭಂಡಾರದ ಲೆಕ್ಕ ಹಾಕುತ್ತ ಕುಳಿತ ತಿರುಮಲನಾಗಲಿ, ಹೊಸ ಊರಿನಲ್ಲಿ ಮಗ್ಗವನ್ನು ಹೂಡಿದ ನೇಕಾರನಾಗಲಿ ದುರಂತನಾಟಕದ ನಾಯಕರಾಗಲಾರರು. ೧೫೬೫ ಏಕೆ ಬಂದಿತೆಂಬುದಕ್ಕೆ ‘ರಾಕ್ಷಸ ತಂಗಡಿ’ಯು ಸೂಯೆಲ್ಲರಿಗಿಂತ ಆಳವಾದ ಉತ್ತರವನ್ನು ಕೊಡುತ್ತದೆ, ಅದರ ಆಚೆ ಏನಾಯಿತೆಂಬ ಪ್ರಶ್ನೆಯು ಅಲ್ಲಿಯೂ ಹೊರಗೇ ನಿಲ್ಲುತ್ತದೆ. ಈ ಒಂದು ವಿಷಯದಲ್ಲಿ ಮೂರು ಕೃತಿಗಳಿಗೂ ಭೇದವಿಲ್ಲ.

ಆಚೆಯ ಕಥೆಯನ್ನು ಕನ್ನಡಿಗರು ಹೇಳಲಾರರೆಂದಲ್ಲ. ಇನ್ನೊಂದು ಯುಗಸಂಧಿಯ ವಿಷಯದಲ್ಲಿ ಅವರು ಅದನ್ನು ಹೇಳಿಯೇ ಇದ್ದಾರೆ. ಮಾಗಡಿಯ ರಸ್ತೆಯ ಬಡಗಣ ಬಡಾವಣೆಯು ಯಾರ ಹೆಸರನ್ನು ಹೊತ್ತಿದೆಯೋ ಆ ಬಸವೇಶ್ವರರ ಕಲ್ಯಾಣವೂ ಒಡೆದುಹೋದುದೇ. ಸುಮಾರು ೧೧೬೭-೬೮ರಲ್ಲಿ ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕುಪಾಲಾದರು. ಅರಮನೆಯ ದೃಷ್ಟಿಯಿಂದ ಅದೊಂದು ಸೋಲು. ಆದರೆ ಕನ್ನಡಿಗರು ಕಲ್ಯಾಣವನ್ನು ಸೋಲೆಂದು ನೆನೆಯುವುದಿಲ್ಲ. ಏಕೆಂದರೆ ಚದರಿದವರು ಒಯ್ದ ವಚನಗಳು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಬಂದು, ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದಿಂದ ಈಚೆಗೆ ಸಂಗ್ರಹವಾಗತೊಡಗಿದುವು. ಅವನ ದಂಡನಾಯಕ ಲಕ್ಕಣ್ಣನು ‘ಶಿವತತ್ತ್ವಚಿಂತಾಮಣಿ’ಯನ್ನು ಬರೆದನು, ಶಿವಗಣಪ್ರಸಾದಿ ಮಹದೇವಯ್ಯನು ‘ಶೂನ್ಯಸಂಪಾದನೆ’ಯನ್ನು ಮೊದಲು ಸಂಕಲಿಸಿದನು. ಹನ್ನೆರಡನೆಯ ಶತಮಾನದಲ್ಲಿ ಆರಂಭವಾದ ತಿರುವು ಪೂರ್ತಿಯಾಗುವುದಕ್ಕೆ ಇನ್ನೂರೈವತ್ತು ವರ್ಷಗಳಿಗಿಂತ ಹೆಚ್ಚು ಬೇಕಾಯಿತು. ಅದು ಪೂರ್ತಿಯಾದುದು ವಿಜಯನಗರದ ಆಶ್ರಯದಲ್ಲಿ. ಕಲ್ಯಾಣದ ಕಥೆಯನ್ನು ಅದರ ಇಸವಿಯಲ್ಲಿ ನಿಲ್ಲಿಸದೆ ಮುಂದಕ್ಕೆ ಕೊಂಡೊಯ್ದ ಜನವು ವಿಜಯನಗರದ ಕಥೆಯನ್ನು ಮಾತ್ರ ೧೫೬೫ರಲ್ಲಿ ನಿಲ್ಲಿಸಿತು.

ಈ ನ್ಯೂನತೆಯನ್ನು ತುಂಬತಕ್ಕ ಸಾಮಗ್ರಿಗೆ ಬಡತನವಿಲ್ಲ. ಕೆಳದಿಯ ಕಾಗದಗಳು, ಮಾಗಡಿಯ ಶಾಸನಗಳು, ಮೈಸೂರಿನ ಅರಮನೆಯ ಬಖೈರುಗಳು, ಕೆರೆ ಕಾಲುವೆಗಳ ದಾನಪತ್ರಗಳು ಬೇಕಾದಷ್ಟಿವೆ. ಇವನ್ನು ಹಿಡಿದು, ೧೫೬೫ನ್ನು ಕಡೆಯ ಅಧ್ಯಾಯವನ್ನಾಗಿ ಮಾಡದೆ ಮೊದಲನೆಯ ಅಧ್ಯಾಯವನ್ನಾಗಿ ಮಾಡಿ, ೧೭೨೮ರ ಮಾಗಡಿಯವರೆಗೆ ನಡೆಸಿಕೊಂಡು ಹೋಗುವ ಕನ್ನಡ ಗ್ರಂಥವೊಂದನ್ನು ವಿದ್ಯಾವಂತರ ಮನೆಗಳು ಬೇಡಬೇಕು. ಅದರಲ್ಲಿ ಗತವೈಭವವು ಕಡಿಮೆಯಿದ್ದೀತು, ದುರಂತದ ಗಾಂಭೀರ್ಯವೂ ಇಲ್ಲದಿದ್ದೀತು. ಆದರೆ ರಾಜಧಾನಿಯಿಲ್ಲದೆಯೂ ಹೊಲವನ್ನು ಉತ್ತು, ಕೆರೆಯ ಏರಿಯನ್ನು ಕಟ್ಟಿ, ಹಾಡನ್ನೂ ವ್ಯಾಕರಣವನ್ನೂ ಮಕ್ಕಳಿಗೆ ಕಲಿಸಿದ ಜನರು ಅದರಲ್ಲಿ ಇರುತ್ತಾರೆ. ಇಂದಿನ ಕನ್ನಡಿಗರು ಅವರ ವಂಶದವರೇ.